ಒಂದು ಗ್ರಾಂ ಪುಡಿ, ಲಕ್ಷಾಂತರ ರೂಪಾಯಿ ಬಿಲ್

ಕಾಸ್ಟಿಂಗ್ ಕ್ಲಾಸಲ್ಲಿ ನಾವೆಲ್ಲ ಏನ್ ಮಾಡ್ತೀವಿ ಹೇಳಿ? ಕಲ್ಲಿದ್ದಲು ಇಷ್ಟು ಟನ್, ಟನ್ನಿಗೆ ಇಷ್ಟು ರೂಪಾಯಿ. ಗುಣಿಸು, ಉತ್ತರದ ಕೆಳಗೆ ಎರಡು ಗೆರೆ ಎಳಿ, ಮುಗೀತು. ಆ ರೇಟು ಎಲ್ಲಿಂದ ಬಂತು ಅಂತ ಯಾವತ್ತಾದ್ರೂ ಕೇಳಿದ್ದೀರಾ? ನಾನೂ ಕೇಳಿರಲಿಲ್ಲ. ಅದು ಬರೋದು ಲ್ಯಾಬಿಂದ.

👉 2012ರಿಂದ ನಮ್ಮಲ್ಲಿ ಕರೆಂಟ್ ತಯಾರಿಸೋ ಕಲ್ಲಿದ್ದಲಿಗೆ ಜಿ1ರಿಂದ ಜಿ17ರವರೆಗೆ ಗ್ರೇಡ್. ಒಂದು ಕಿಲೋ ಉರಿಸಿದ್ರೆ ಎಷ್ಟು ಶಾಖ ಬರುತ್ತೆ ಅನ್ನೋದೇ ಅಳತೆ. 7,000 ಕಿಲೋ ಕ್ಯಾಲರಿ ದಾಟಿದ್ರೆ ಜಿ1, ಆಮೇಲೆ 300ಕ್ಕೊಂದು ಮೆಟ್ಟಿಲು ಕೆಳಗೆ. 4,301 ಬಂದ್ರೆ ಜಿ10, 4,300 ಬಂದ್ರೆ ಜಿ11. ನಮ್ಮಲ್ಲಿ ಒಂದೇ ಒಂದು ಮಾರ್ಕಲ್ಲಿ ಪಾಸು, ಫೇಲು ಆಗೋ ಹಾಗೆ.

👉 ಲ್ಯಾಬಲ್ಲಿ ಕಲ್ಲಿದ್ದಲನ್ನು ನುಣ್ಣಗೆ ಪುಡಿ ಮಾಡಿ ಒಂದೊಂದು ಗ್ರಾಂ ತೂಗ್ತಾರೆ. ಸುಮಾರು 108 ಡಿಗ್ರಿಯಲ್ಲಿ ಒಣಗಿಸಿದಾಗ ಕಮ್ಮಿಯಾದ ತೂಕ ತೇವಾಂಶ. 815 ಡಿಗ್ರಿಯಲ್ಲಿ ಪೂರ್ತಿ ಸುಟ್ಟಾಗ ಉಳಿಯೋದು ಬೂದಿ. ಇನ್ನೊಂದು ಗ್ರಾಂ 'ಬಾಂಬ್ ಕ್ಯಾಲೋರಿಮೀಟರ್' ಒಳಗೆ: ಗಟ್ಟಿ ಉಕ್ಕಿನ ಡಬ್ಬಿ, ಒಳಗೆ ಆಕ್ಸಿಜನ್, ಸುತ್ತ ನೀರು. ಪುಡಿ ಉರಿದಾಗ ನೀರು ಎಷ್ಟು ಬಿಸಿಯಾಯ್ತು ಅನ್ನೋದರ ಮೇಲೆ ಶಾಖದ ಲೆಕ್ಕ.

ನನ್ನ ತಕರಾರು ಮೆಷಿನ್ ಮೇಲಲ್ಲ, ಅದಕ್ಕಿಂತ ಹಿಂದಿನ ಹೆಜ್ಜೆ ಮೇಲೆ. ಒಂದು ಗೂಡ್ಸ್ ರೈಲಲ್ಲಿ ಬರೋದು ಹತ್ತಿರ ಹತ್ತಿರ 4,000 ಟನ್. ಅದರಲ್ಲಿ ಆ ಒಂದು ಗ್ರಾಂ ಆರಿಸಿದ್ದು ಯಾರು? ವ್ಯಾಗನ್ನಿನ ಮೇಲ್ಪದರ ಮಾತ್ರ ಕೆರೆದ್ರಾ? ಕಲ್ಲು ಬದಿಗಿಟ್ರಾ? ಸ್ಯಾಂಪಲ್ ತಪ್ಪಾದ್ರೆ ರಿಪೋರ್ಟ್ ಎಷ್ಟೇ ಕರೆಕ್ಟ್ ಇದ್ರೂ ಬಿಲ್ ತಪ್ಪು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ವೋಚರೇ ಸರಿ ಇಲ್ಲದ ಲೆಡ್ಜರ್.

"ನಮಗೇನು, ಗೃಹಜ್ಯೋತಿ ಇದೆಯಲ್ಲ" ಅಂತೀರಾ? ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ರಾಯಚೂರು, ಬಳ್ಳಾರಿ ಸ್ಥಾವರಗಳಿಗೆ ಎಲ್ಲಾ ಹೊರಗಿಂದಲೇ ಬರಬೇಕು. ಗ್ರೇಡ್ ಕಮ್ಮಿಯಾದ್ರೆ ಅಷ್ಟೇ ಕರೆಂಟಿಗೆ ಜಾಸ್ತಿ ಕಲ್ಲಿದ್ದಲು ಸುಡಬೇಕು. ಖರ್ಚು ಯೂನಿಟ್ ದರಕ್ಕೆ ಸೇರುತ್ತೆ. ನಿಮ್ಮ ಬಿಲ್ ಜೀರೋ ಇದ್ರೂ ಸರ್ಕಾರ ಕಟ್ಟೋದು ನಮ್ಮದೇ ತೆರಿಗೆ ದುಡ್ಡು. ಬೂದಿ ಮಾತ್ರ ಶಕ್ತಿನಗರದ ಸುತ್ತಮುತ್ತಲಿನವರ ಪಾಲಿಗೆ.

ಮಾರೋರು, ಕೊಳ್ಳೋರು ಇಬ್ಬರೂ ಅಲ್ಲದ ಮೂರನೆಯವರಿಂದ ಪರೀಕ್ಷೆ ಮಾಡಿಸೋ ವ್ಯವಸ್ಥೆ ಈಗಾಗಲೇ ಇದೆ. ಧನ್‌ಬಾದ್ ಮೂಲದ ಸಿಂಫರ್ ಸಂಸ್ಥೆ ಈ ಕೆಲಸ ಮಾಡುತ್ತೆ. ಜಗಳ ಬಂದ್ರೆ ನೋಡೋಕೆ ಅಂತ ಸ್ಯಾಂಪಲ್ಲಿನ ಒಂದು ಪಾಲನ್ನು ಬೇರೆ ಸೀಲ್ ಮಾಡಿಡ್ತಾರೆ. ಒಳ್ಳೇದೇ. ಆದ್ರೆ ನನಗೆ ಇನ್ನೂ ಎರಡು ಬೇಕು: ಸ್ಯಾಂಪಲ್ ತೆಗೆಯೋದು ಕೈಯಲ್ಲ, ಮೆಷಿನ್ ಆಗಬೇಕು. ಗಣಿಯಲ್ಲಿ ತುಂಬಿದಾಗಿನ ಗ್ರೇಡು, ಸ್ಥಾವರಕ್ಕೆ ಬಂದಿಳಿದಾಗಿನ ಗ್ರೇಡು ಅಕ್ಕಪಕ್ಕ ಎಲ್ಲರಿಗೂ ಕಾಣಬೇಕು.

ಲ್ಯಾಬ್ ಅಂದ್ರೆ ಸೈನ್ಸ್‌ನವರ ವಿಷಯ ಅಂತ ಸುಮ್ಮನಿರಬೇಡಿ. ನಾಳೆ ಆಡಿಟ್‌ಗೆ ಕೂರೋರು ನಾವೇ. ಇನ್‌ವಾಯ್ಸ್ ಜೊತೆ ಟೆಸ್ಟ್ ರಿಪೋರ್ಟೂ ಕೇಳಿ. "ಸ್ಯಾಂಪಲ್ ತೆಗೆದಿದ್ದು ಯಾರು?" ಅಂತಲೂ ಕೇಳಿ.

ನೀವೇನಂತೀರಾ? ಕಾಮೆಂಟಲ್ಲಿ ಸಿಗೋಣ 👇

#ಬಿಕಾಂಕಣ್ಣಲ್ಲಿ #ಕಲ್ಲಿದ್ದಲು #ಕರೆಂಟ್‌ಬಿಲ್