ಮೆಟ್ರೋ ಪೇಟೆಗೆ ಬರುವ ಮುನ್ನ

2025ರ ಆಗಸ್ಟ್ 10ರಂದು ಬೆಂಗಳೂರಿನ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಮೆಟ್ರೋ ಹಳದಿ ಮಾರ್ಗ ಉದ್ಘಾಟನೆಗೊಂಡಿತು. ಅಂದಿನಿಂದ ಹೊಸೂರಿನ ಪೇಟೆಯಲ್ಲಿ ಹಳೆಯ ಆಸೆಯೊಂದು ಮತ್ತೆ ಚಿಗುರಿದೆ. ಬೊಮ್ಮಸಂದ್ರದವರೆಗೆ ಬಂದ ರೈಲು ಅತ್ತಿಬೆಲೆಯನ್ನು ದಾಟಿ ನಮ್ಮ ಅಂಗಡಿ ಬೀದಿಗೂ ಏಕೆ ಬರಬಾರದು? ಸುಮಾರು 23 ಕಿಲೋಮೀಟರ್ ಉದ್ದದ ಈ ವಿಸ್ತರಣೆಯ ಸಾಧ್ಯತೆಯನ್ನು ಚೆನ್ನೈ ಮೆಟ್ರೋ ರೈಲು ನಿಗಮವು ಅಧ್ಯಯನ ಮಾಡಿಸಿದೆ. ಬೆಂಗಳೂರಿನ ನಿಗಮವು ತಾಂತ್ರಿಕ ಆಕ್ಷೇಪವನ್ನು ಎತ್ತಿದೆ. ಅಲ್ಲಿನ ರೈಲುಗಳು ಹಳಿಯ ಪಕ್ಕದ ಮೂರನೆಯ ಹಳಿಯಿಂದ 750 ವೋಲ್ಟ್ ವಿದ್ಯುತ್ತನ್ನು ಪಡೆದು ಓಡುತ್ತವೆ. ಚೆನ್ನೈ ಮೆಟ್ರೋದ್ದು ಮೇಲಿನ ತಂತಿಯ 25 ಸಾವಿರ ವೋಲ್ಟಿನ ವ್ಯವಸ್ಥೆ. ಎರಡೂ ಒಂದೇ ಹಳಿಯ ಮೇಲೆ ಹೊಂದುವುದು ಸುಲಭವಲ್ಲ.

ಈ ತೊಡಕನ್ನು ಎಂಜಿನಿಯರುಗಳು ಬಿಡಿಸಲಿ. ರಾಜ್ಯದ ಗಡಿ ಮಾತ್ರ ಕಾನೂನಿನ ಕಣ್ಣಿಗೆ ದೊಡ್ಡ ಅಡ್ಡಿಯಲ್ಲ. ರೈಲ್ವೆಯು ಸಂವಿಧಾನದ ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಗೆ ಸೇರಿದ ವಿಷಯ. ಮೊದಲು ದೆಹಲಿಗಾಗಿ ರಚಿತವಾದ 2002ರ ಮೆಟ್ರೋ ಕಾಯ್ದೆಯನ್ನು 2009ರ ತಿದ್ದುಪಡಿಯು ಇತರ ಮಹಾನಗರ ಪ್ರದೇಶಗಳಿಗೂ ಅನ್ವಯಿಸುವಂತೆ ಮಾಡಿತು. ಅದೇ ವರ್ಷದ ನವೆಂಬರ್ 12ರಂದು ದೆಹಲಿಯ ಮೆಟ್ರೋ ಉತ್ತರ ಪ್ರದೇಶದ ನೋಯ್ಡಾವನ್ನೂ, 2010ರ ಜೂನ್‌ನಲ್ಲಿ ಹರಿಯಾಣದ ಗುರುಗ್ರಾಮವನ್ನೂ ಮುಟ್ಟಿತು. ನೋಯ್ಡಾದ ಸೆಕ್ಟರ್ 18 ನಿಲ್ದಾಣದಲ್ಲಿ ಇಳಿದರೆ ಅಟ್ಟಾ ಮಾರುಕಟ್ಟೆ, ಗುರುಗ್ರಾಮದ ಎಂ.ಜಿ. ರಸ್ತೆ ನಿಲ್ದಾಣದಲ್ಲಿ ಇಳಿದರೆ ಸಾಲು ಸಾಲು ಮಾಲ್‌ಗಳು. ನಗರದ ರೈಲು ಹೊರವಲಯದ ಪೇಟೆಯನ್ನು ತಲುಪಬಲ್ಲದು, ಅದೂ ರಾಜ್ಯದ ಗಡಿಯನ್ನು ದಾಟಿ ತಲುಪಬಲ್ಲದು ಎಂಬುದಕ್ಕೆ ಇವೆರಡೂ ಸಾಕ್ಷಿ.

ಪೇಟೆಗೆ ರೈಲು ಬಂದರೆ ವ್ಯಾಪಾರಿಗೆ ಲಾಭ, ಗಿರಾಕಿಗೆ ಅನುಕೂಲ. ಇದರಲ್ಲಿ ತಕರಾರಿಲ್ಲ. ಆದರೆ ಗಿರಾಕಿ ಬರುವುದು ವಾರಕ್ಕೊಮ್ಮೆ, ಹಬ್ಬಕ್ಕೊಮ್ಮೆ. ಅವನಿಗೆ ಐವತ್ತು ರೂಪಾಯಿಯ ಟಿಕೆಟ್ ಭಾರವಲ್ಲ. ನಿತ್ಯ ಹೋಗಿ ಬರುವ ವಿದ್ಯಾರ್ಥಿಯ ಲೆಕ್ಕವೇ ಬೇರೆ. ನಮ್ಮ ಕನ್ನಡ ಶಾಲೆಗಳಲ್ಲಿ ಹತ್ತನೆಯ ತರಗತಿ ಮುಗಿಸಿದ ಅನೇಕ ಮಕ್ಕಳು ಮುಂದಿನ ಓದಿಗಾಗಿ ಅತ್ತಿಬೆಲೆ, ಆನೇಕಲ್, ಚಂದಾಪುರ, ಬೆಂಗಳೂರುಗಳತ್ತ ಮುಖ ಮಾಡುತ್ತಾರೆ. ಒಂದು ಬದಿಯ ಪ್ರಯಾಣಕ್ಕೆ ಐವತ್ತು ರೂಪಾಯಿ ಎಂದಿಟ್ಟುಕೊಂಡರೂ ತಿಂಗಳ ಇಪ್ಪತ್ತೈದು ದಿನಗಳಿಗೆ 2,500 ರೂಪಾಯಿ ಆಗುತ್ತದೆ. ಇಬ್ಬರು ಮಕ್ಕಳಿದ್ದರೆ 5,000. ಕೂಲಿಯಿಂದಲೋ ಕಾರ್ಖಾನೆಯ ದುಡಿಮೆಯಿಂದಲೋ ಬದುಕುವ ಮನೆಗೆ ಇದು ಕಾಲೇಜನ್ನೇ ಬಿಡಿಸಬಲ್ಲ ಮೊತ್ತ. ಅಂತಹ ಮನೆಯ ಮಗು ಕಣ್ಣೆದುರಿನ ನಿಲ್ದಾಣವನ್ನು ಬಿಟ್ಟು ಬಸ್ಸಿಗೇ ಕಾಯಬೇಕಾಗುತ್ತದೆ.

ಇಲ್ಲಿ ಪೋಷಕರು ಒಂದು ವ್ಯತ್ಯಾಸವನ್ನು ತಿಳಿದಿರಬೇಕು. ಬೆಂಗಳೂರಿನಿಂದ ಹೊಸೂರಿನ ಮೂಲಕ ಸೇಲಂಗೆ ಹೋಗುವ ಹಳಿ ಭಾರತೀಯ ರೈಲ್ವೆಯದು. ರೈಲ್ವೆಯ ನಿಯಮದಂತೆ ಹೆಣ್ಣುಮಕ್ಕಳಿಗೆ ಪದವಿಯವರೆಗೆ, ಗಂಡುಮಕ್ಕಳಿಗೆ ಹನ್ನೆರಡನೆಯ ತರಗತಿಯವರೆಗೆ, ಮನೆಗೂ ಶಾಲೆಗೂ ನಡುವೆ ಎರಡನೆಯ ದರ್ಜೆಯ ಮಾಸಿಕ ಪಾಸು ಉಚಿತ. ಮೆಟ್ರೋ ಬೇರೆ ಕಾಯ್ದೆಗೆ ಒಳಪಟ್ಟದ್ದು. ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಡಲೇಬೇಕೆಂದು 2002ರ ಕಾಯ್ದೆ ಎಲ್ಲಿಯೂ ಹೇಳುವುದಿಲ್ಲ; ಕೊಡಬಾರದೆಂದೂ ಹೇಳುವುದಿಲ್ಲ. ಪುಣೆಯ ಮೆಟ್ರೋ ವಿದ್ಯಾರ್ಥಿಗಳಿಗೆ ಶೇಕಡಾ 30ರ ರಿಯಾಯಿತಿಯನ್ನು ಕೊಡುತ್ತಿದೆ. ಆದ್ದರಿಂದ ಇದು ಕೇಳಿ ಪಡೆಯಬೇಕಾದ ಸೌಲಭ್ಯ.

ಕೇಳುವ ಕಾಲವೂ ಮುಖ್ಯ. ಕಾಯ್ದೆಯ 33ನೆಯ ಕಲಮಿನಂತೆ ಮೆಟ್ರೋ ಮೊದಲು ಆರಂಭವಾಗುವಾಗ ಆಡಳಿತವೇ ದರವನ್ನು ಗೊತ್ತುಪಡಿಸಬಹುದು. ಆಮೇಲಿನ ಪರಿಷ್ಕರಣೆ ಉಚ್ಚ ನ್ಯಾಯಾಲಯದ ಹಾಲಿ ಅಥವಾ ಮಾಜಿ ನ್ಯಾಯಮೂರ್ತಿಯೊಬ್ಬರು ಅಧ್ಯಕ್ಷರಾಗಿರುವ ದರ ನಿಗದಿ ಸಮಿತಿಗೆ ಸೇರುತ್ತದೆ. 37ನೆಯ ಕಲಮಿನಂತೆ ಆ ಸಮಿತಿಯ ಶಿಫಾರಸು ಆಡಳಿತವನ್ನು ಕಟ್ಟಿಹಾಕುತ್ತದೆ. 2017ರಲ್ಲಿ ದೆಹಲಿಯಲ್ಲಿ ಎರಡು ಬಾರಿ ದರ ಏರಿ, ಗರಿಷ್ಠ ಟಿಕೆಟ್ 30 ರೂಪಾಯಿಯಿಂದ 60ಕ್ಕೆ ಮುಟ್ಟಿತು. ಎರಡನೆಯ ಏರಿಕೆಯನ್ನು ತಡೆಯಬೇಕೆಂದು ದೆಹಲಿ ಸರ್ಕಾರವೇ ಕೋರಿದರೂ ಸಮಿತಿಯ ಶಿಫಾರಸು ನಿಂತಿತು. ಬೆಂಗಳೂರಿನಲ್ಲಿ 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಅದಕ್ಕೆ ಮೊದಲು ಸಮಿತಿಯು ಸಾರ್ವಜನಿಕರ ಅಭಿಪ್ರಾಯವನ್ನು ಆಹ್ವಾನಿಸಿತ್ತು. ಆದೇಶ ಹೊರಬಿದ್ದ ಮೇಲೆ ಕೂಗುವುದಕ್ಕಿಂತ ಆಹ್ವಾನ ಬಂದಾಗ ಒಂದು ಪುಟ ಬರೆಯುವುದು ಹೆಚ್ಚು ಫಲಕಾರಿ.

ಹೊಸೂರು ಮಾರ್ಗ ಇನ್ನೂ ಕಾಗದದ ಮೇಲಿದೆ. ಆದ್ದರಿಂದಲೇ ಇದು ಬರೆಯಲು ತಕ್ಕ ಸಮಯ. ಶಾಲಾಭಿವೃದ್ಧಿ ಸಮಿತಿಗಳೂ ಪೋಷಕರ ಸಂಘಗಳೂ ಮೂರು ಮಾತುಗಳನ್ನು ಮುಂದಿಡಬಹುದು. ನಿಲ್ದಾಣಗಳ ಜಾಗವನ್ನು ಗುರುತಿಸುವಾಗ ಮಾರುಕಟ್ಟೆಯ ಜೊತೆಗೆ ಶಾಲೆ, ಕಾಲೇಜು, ಬಸ್ ನಿಲ್ದಾಣಗಳ ದೂರವನ್ನೂ ಅಳೆಯಬೇಕು. ಪ್ರಯಾಣಿಕರ ಅಂದಾಜಿನಲ್ಲಿ ವಿದ್ಯಾರ್ಥಿಗಳನ್ನು ಪ್ರತ್ಯೇಕವಾಗಿ ಎಣಿಸಬೇಕು. ಎಣಿಕೆಗೆ ಸಿಗದವರಿಗೆ ಸೌಲಭ್ಯವೂ ಸಿಗುವುದಿಲ್ಲ. ಬೊಮ್ಮಸಂದ್ರದಲ್ಲಿ ರೈಲು ಬದಲಿಸಬೇಕಾಗಿ ಬಂದರೂ ಒಂದೇ ವಿದ್ಯಾರ್ಥಿ ಪಾಸು ಎರಡೂ ಕಡೆ ನಡೆಯಬೇಕು.

ಈ ಮನವಿಯನ್ನು ಯಾವ ಭಾಷೆಯಲ್ಲಿ ಬರೆಯಬೇಕೆಂದು ಹಿಂಜರಿಯುವವರಿದ್ದಾರೆ. ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದು ಆ ವಿಧಿ ಹೇಳುವುದಿಲ್ಲ. ಆದ್ದರಿಂದ ಮನವಿಯನ್ನು ಕನ್ನಡದಲ್ಲಿ ಬರೆಯಿರಿ, ಕಡತ ಬೇಗ ಚಲಿಸಲೆಂದು ತಮಿಳು ಅನುವಾದವನ್ನೂ ಲಗತ್ತಿಸಿರಿ. ದಿನಾಂಕ ಹಾಕಿ, ಪೋಷಕರ ಸಹಿ ಪಡೆದು, ಸ್ವೀಕೃತಿಯನ್ನು ಜೋಪಾನವಾಗಿಡಿ. ವ್ಯಾಪಾರಿಗಳ ಸಂಘಗಳು ತಮ್ಮ ಬೇಡಿಕೆಯನ್ನು ಹೇಳಲು ಕಾಯುವುದಿಲ್ಲ. ಮಕ್ಕಳ ಪರವಾಗಿ ನಾವೂ ಕಾಯಬಾರದು.