ತಿಂಗಳ ಲೆಕ್ಕ: ಎಣ್ಣೆ ಡಬ್ಬ ಮತ್ತು ಹೊಟ್ಟೆ



ಪ್ರತಿ ತಿಂಗಳು ಇಲ್ಲಿ ದುಡ್ಡಿನ ಲೆಕ್ಕ ಮಾತಾಡ್ತೀವಿ. ಈ ಸಲ ಹೊಟ್ಟೆಯ ಲೆಕ್ಕ. ದುಬೈ, ಶಾರ್ಜಾಕ್ಕೆ ಬಂದು ಎರಡು ವರ್ಷ ಆಗೋದರೊಳಗೆ ನಮ್ಮಲ್ಲಿ ಎಷ್ಟೋ ಜನರ ಪ್ಯಾಂಟು ಬಿಗಿಯಾಗುತ್ತೆ. ನಗಾಡುವ ವಿಷಯ ಅಲ್ಲ. ಭಾರತೀಯ ಗಂಡಸರ ಸೊಂಟದ ಸುತ್ತಳತೆ 90 ಸೆಂ.ಮೀ., ಹೆಂಗಸರದ್ದು 80 ಸೆಂ.ಮೀ. ದಾಟಿದರೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆಯ ಅಪಾಯ ಹೆಚ್ಚು. ನಾವು ಹಾಸಿಗೆ ಹಿಡಿದರೆ ಊರಿಗೆ ದುಡ್ಡು ಕಳಿಸೋರು ಯಾರು?

ತಿಂದದ್ದು ಜಮಾ, ದೇಹ ಉರಿಸಿದ್ದು ಖರ್ಚು, ಉಳಿದದ್ದು ಕೊಬ್ಬು. ಒಂದು ಕಿಲೋ ಕೊಬ್ಬು ಅಂದ್ರೆ ಸುಮಾರು 7,700 ಕ್ಯಾಲೊರಿ. ದಿನಕ್ಕೆ 550 ಉಳಿಸಿದರೆ ವಾರಕ್ಕೆ 3,850, ಅಂದರೆ ಹೆಚ್ಚುಕಮ್ಮಿ ಅರ್ಧ ಕಿಲೋ. ಅಷ್ಟು ಸಾಕು, ಅವಸರ ಬೇಡ.

"ನಾನು ದಿನಾ ವಾಕಿಂಗ್ ಹೋಗ್ತೀನಿ, ಆದ್ರೂ ಇಳಿಯಲ್ಲ" ಅನ್ನೋರಿಗೆ ಒಂದು ಮಾತು. 80 ಕಿಲೋ ತೂಗುವವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗೋದು ಸುಮಾರು 140 ಕ್ಯಾಲೊರಿ. ವಾಪಸ್ ಬಂದು 330 ಎಂ.ಎಲ್. ಕೋಲಾ ಕುಡಿದರೆ ಅಷ್ಟೂ ಮತ್ತೆ ಜಮಾ!

ಈಗ ರೂಮಿನ ಮೆಸ್ ನೋಡಿ. ಐದು ಜನರಿಗೆ ತಿಂಗಳಿಗೆ 9 ಲೀಟರ್ ಎಣ್ಣೆ ಬರುತ್ತೆ ಅಂತಿಟ್ಟುಕೊಳ್ಳಿ. ತಲೆಗೆ ದಿನಕ್ಕೆ 60 ಎಂ.ಎಲ್., ಅಂದರೆ ನಾಲ್ಕು ದೊಡ್ಡ ಚಮಚ. ಒಂದು ಚಮಚಕ್ಕೆ 120ರಂತೆ 480 ಕ್ಯಾಲೊರಿ. ಎಣ್ಣೆ ಅರ್ಧ ಮಾಡಿದರೆ 240 ಉಳೀತು. ಕೋಲಾ ಬಿಟ್ಟರೆ 140. ನಾಲ್ಕು ಕರಕ್ ಚಹಾಕ್ಕೆ ಎರಡೆರಡರ ಬದಲು ಒಂದೊಂದು ಚಮಚ ಸಕ್ಕರೆ ಹಾಕಿದರೆ 60. ನಡಿಗೆಯ 140 ಸೇರಿಸಿ, ಒಟ್ಟು 580. ಅನ್ನದ ತಟ್ಟೆ ಮುಟ್ಟಲೇ ಇಲ್ಲ ನೋಡಿ.

ಹಾಗಂತ ವ್ಯಾಯಾಮ ಬಿಡಬೇಡಿ. ಬರೀ ಊಟ ಕಡಿಮೆ ಮಾಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಾರಕ್ಕೆ ಕನಿಷ್ಠ 150 ನಿಮಿಷದ ನಡಿಗೆಯಂಥ ಚಟುವಟಿಕೆ, ಜೊತೆಗೆ ಎರಡು ದಿನ ದಂಡ, ಬಸ್ಕಿಯಂಥ ಕಸರತ್ತು. ಬೇಸಿಗೆಯಲ್ಲಿ ಕತ್ತಲಾದ ಮೇಲೆ ನಡೆಯಿರಿ, ಇಲ್ಲವೇ ಮಾಲ್ ಒಳಗೆ.

ಸೈಟ್‌ನಲ್ಲಿ ಬಿಸಿಲಿಗೆ ದುಡಿಯುವವರ ಲೆಕ್ಕ ಬೇರೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಕೆಲಸ ನಿಲ್ಲಿಸಬೇಕೆಂಬ ಕಾನೂನು ಇರೋದೇ ಆ ಬಿಸಿಲಿಗೆ. ನೀವು ತಿಂಡಿ ಬಿಡಬೇಡಿ, ನೀರು ಕಡಿಮೆ ಮಾಡಬೇಡಿ. ಕೋಲಾ, ಎಣ್ಣೆ ಇಳಿಸಿದರೆ ಸಾಕು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳೋರು ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಬಾರದು, ಸಕ್ಕರೆ ದಿಢೀರ್ ಕುಸಿಯಬಹುದು.

ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೂಕ ನೋಡಿ. ಮೊದಲ ವಾರ ಜಾಸ್ತಿ ಇಳಿದರೆ ಹಿಗ್ಗಬೇಡಿ, ಅದರಲ್ಲಿ ಬಹುಪಾಲು ನೀರು. ಕೆಲವು ತಿಂಗಳಾದ ಮೇಲೆ ನಿಂತುಹೋದರೆ ಕುಗ್ಗಬೇಡಿ. ಹಗುರಾದ ದೇಹಕ್ಕೆ ಖರ್ಚೂ ಕಡಿಮೆ, ಲೆಕ್ಕ ಮತ್ತೊಮ್ಮೆ ಹಾಕಿ.

ಈ ತಿಂಗಳು ಒಂದೇ ಕೆಲಸ ಮಾಡಿ. ಎಣ್ಣೆ ಡಬ್ಬ ಒಡೆದ ತಾರೀಕನ್ನು ಅದರ ಮೇಲೇ ಬರೆಯಿರಿ. ಖಾಲಿಯಾದ ದಿನ ರೂಮಿನವರೆಲ್ಲ ಕೂತು ಭಾಗಿಸಿ ನೋಡಿ. ಮೆಸ್ ಬಿಲ್ಲೂ ಇಳಿಯುತ್ತೆ.