ಭಾಷೆ ಯಾವುದು ಎನ್ನುವ ಮೊದಲು ಕೆಲಸ ಯಾವುದು?

ಕ್ಯಾಂಪಸ್ ಸಂದರ್ಶನದ ದಿನಗಳು ಹತ್ತಿರವಾದಂತೆ ಹಾಸ್ಟೆಲ್, ಕ್ಯಾಂಟೀನ್, ಬಸ್ಸು ಎಲ್ಲೆಡೆ ಒಂದೇ ಪ್ರಶ್ನೆ: ಯಾವ ಪ್ರೋಗ್ರಾಮಿಂಗ್ ಭಾಷೆ ಕಲಿತರೆ ಕೆಲಸ ಸಿಗುತ್ತದೆ? ಒಬ್ಬರು ಜಾವಾ ಅನ್ನುತ್ತಾರೆ, ಇನ್ನೊಬ್ಬರು ಪೈಥಾನ್ ಅನ್ನುತ್ತಾರೆ. ಈ ಗೊಂದಲವನ್ನೇ ಬಂಡವಾಳ ಮಾಡಿಕೊಂಡು ಸಾವಿರಾರು ರೂಪಾಯಿ ಶುಲ್ಕ ಪಡೆಯುವ ತರಬೇತಿ ಕೇಂದ್ರಗಳಿಗೂ ಕೊರತೆಯಿಲ್ಲ. ಬಿಇ ಓದುತ್ತಿರುವ ನನ್ನ ಅಭಿಪ್ರಾಯದಲ್ಲಿ, ಪ್ರಶ್ನೆಯೇ ತಲೆಕೆಳಗಾಗಿದೆ. ಮೊದಲು ಮಾಡಬೇಕಾದ ಕೆಲಸ ಯಾವುದೆಂದು ನೋಡಬೇಕು, ಆಮೇಲೆ ಭಾಷೆ. ಇದನ್ನು ಕಲಿಸಲು ಲಿನಕ್ಸ್‌ಗಿಂತ ಒಳ್ಳೆಯ ಮೇಷ್ಟ್ರು ಇಲ್ಲ.

ಲಿನಕ್ಸ್‌ನ ಚರಿತ್ರೆಯನ್ನೇ ನೋಡಿ. 1973ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಅನ್ನು ಸಿ ಭಾಷೆಯಲ್ಲಿ ಮರುರಚಿಸಲಾಯಿತು. ಇದರಿಂದ ಅದನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಒಯ್ಯುವುದು ಸುಲಭವಾಯಿತು. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ತಮ್ಮ ಕರ್ನಲ್ ಬರೆಯಲು ಆರಿಸಿಕೊಂಡದ್ದೂ ಸಿ ಭಾಷೆಯನ್ನೇ. ಆಗ ಅವರಿಗೆ 21 ವರ್ಷ. ಬಳಸಿದ್ದು ಯಾರು ಬೇಕಾದರೂ ಬಳಸಬಹುದಾಗಿದ್ದ ಮುಕ್ತ ಕಂಪೈಲರ್ ಜಿಸಿಸಿ. 2022ರ ಡಿಸೆಂಬರ್‌ನಲ್ಲಿ ಬಂದ 6.1 ಆವೃತ್ತಿಯಲ್ಲಿ ಅದೇ ಕರ್ನಲ್ ರಸ್ಟ್ ಭಾಷೆಗೂ ಬಾಗಿಲು ತೆರೆಯಿತು. ಮೆಮೊರಿ ಬಳಕೆಯ ತಪ್ಪುಗಳನ್ನು ಕಂಪೈಲ್ ಹಂತದಲ್ಲೇ ತಡೆಯುವುದು ರಸ್ಟ್‌ನ ಗುಣ. ಆದರೂ ಸಿ ಹೋಗಲಿಲ್ಲ. ಇಲ್ಲೆಲ್ಲ ಆಯ್ಕೆಯನ್ನು ನಿರ್ಧರಿಸಿದ್ದು ಅಗತ್ಯ, ಫ್ಯಾಷನ್ ಅಲ್ಲ.

ನಮ್ಮ ಮಟ್ಟದಲ್ಲೂ ಹಾಗೆಯೇ. ಪ್ರಾಜೆಕ್ಟ್‌ನ ಸೆನ್ಸರ್ ದಾಖಲಿಸಿದ ಐನೂರು ಫೈಲ್‌ಗಳಿವೆ ಎಂದುಕೊಳ್ಳಿ. ಅವುಗಳಲ್ಲಿ ದೋಷದ ಸಾಲುಗಳು ಎಷ್ಟಿವೆ ಎಂದು ಎಣಿಸಲು ಜಾವಾ ಬೇಕಿಲ್ಲ. ಟರ್ಮಿನಲ್‌ನಲ್ಲಿ ಗ್ರೆಪ್ ಮತ್ತು ಡಬ್ಲ್ಯೂಸಿ ಆದೇಶಗಳನ್ನು ಪೈಪ್‌ನಿಂದ ಜೋಡಿಸಿದರೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಅದೇ ಅಂಕಿಗಳಿಂದ ಗ್ರಾಫ್ ಬಿಡಿಸಲು ಪೈಥಾನ್ ಅನುಕೂಲ. ಆ ಸೆನ್ಸರನ್ನು ಓದುವ ಪುಟ್ಟ ಚಿಪ್‌ಗೆ ಪ್ರೋಗ್ರಾಂ ಬರೆಯಲು ಸಿ ಬೇಕು. ಒಂದೇ ಪ್ರಾಜೆಕ್ಟ್, ಮೂರು ಕೆಲಸ, ಮೂರು ಸಾಧನ.

ಇದಕ್ಕೆ ತಗಲುವ ಖರ್ಚು? ಉಬುಂಟು, ಡೆಬಿಯನ್‌ನಂಥವು ಉಚಿತ. ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿ ಪರೀಕ್ಷಿಸಬಹುದು. ಉಬುಂಟುವಿನಲ್ಲಿ ಪೈಥಾನ್ ಮೊದಲೇ ಇರುತ್ತದೆ. ಸಿ ಕಂಪೈಲರ್ ಒಂದು ಆದೇಶಕ್ಕೆ ಬರುತ್ತದೆ. ಅಣ್ಣನೋ ಅಕ್ಕನೋ ಬಳಸಿ ಬಿಟ್ಟ ಹಳೆಯ ಲ್ಯಾಪ್‌ಟಾಪ್‌ಗೂ ಹಗುರವಾದ ಲಿನಕ್ಸ್‌ಗಳಿವೆ. ಹಳ್ಳಿಯಿಂದ ಬಂದು ಸಾಲ ಮಾಡಿ ಓದುವವರಿಗೆ ಇದು ಸಣ್ಣ ಮಾತಲ್ಲ.

ಇನ್ನೂ ಟರ್ಬೊ ಸಿ ಬಳಸುವ ಲ್ಯಾಬ್‌ಗಳು ಈ ಬಗ್ಗೆ ಯೋಚಿಸಬೇಕು. ಅಲ್ಲಿ ಪೂರ್ಣಾಂಕಕ್ಕೆ ಎರಡೇ ಬೈಟ್. 32,767 ದಾಟಿದರೆ ಲೆಕ್ಕ ತಪ್ಪುತ್ತದೆ. ಇಂದಿನ ಕಂಪ್ಯೂಟರಿನ ಜಿಸಿಸಿಯಲ್ಲಿ ನಾಲ್ಕು ಬೈಟ್. ಟರ್ಬೊದ ಕೊನಿಯೊ ಹೆಡರ್ ಲಿನಕ್ಸ್‌ನಲ್ಲಿ ಇಲ್ಲವೇ ಇಲ್ಲ. ಲ್ಯಾಬ್‌ನಲ್ಲಿ ಓಡಿದ ಪ್ರೋಗ್ರಾಂ ಹೊರಗೆ ಓಡದಿದ್ದರೆ ಕಲಿತದ್ದರ ಪ್ರಯೋಜನವೇನು?

ಸಂದರ್ಶನದಲ್ಲಿ ಎಲ್ಲ ಭಾಷೆ ಸ್ವಲ್ಪ ಸ್ವಲ್ಪ ಬರುತ್ತದೆ ಎಂದರೆ ನಡೆಯುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಒಂದು ಭಾಷೆಯಲ್ಲಾದರೂ ಆಳ ಬೇಕು. ಆಟೋಕ್ಯಾಡ್‌ನಂಥ ತಂತ್ರಾಂಶ ಲಿನಕ್ಸ್‌ಗೆ ಲಭ್ಯವಿಲ್ಲವಾದ್ದರಿಂದ ಸಿವಿಲ್, ಮೆಕ್ಯಾನಿಕಲ್ ಗೆಳೆಯರು ವಿಂಡೋಸನ್ನೂ ಜೊತೆಗೆ ಇಟ್ಟುಕೊಳ್ಳಬೇಕಾಗುತ್ತದೆ. ಆದರೆ ಅರೇ, ಲೂಪ್, ಫಂಕ್ಷನ್, ಮೆಮೊರಿ ಇವು ಒಂದು ಭಾಷೆಯಲ್ಲಿ ಸರಿಯಾಗಿ ಅರ್ಥವಾದರೆ ಎರಡನೆಯದು ಅಷ್ಟು ಕಷ್ಟವಾಗದು.

ಆದ್ದರಿಂದ ಗೆಳೆಯರೇ, ಶುಲ್ಕ ಕಟ್ಟುವ ಮೊದಲು ಒಂದು ತಿಂಗಳು ಲಿನಕ್ಸ್‌ನಲ್ಲಿ ನಿಮ್ಮದೇ ಸಣ್ಣ ಕೆಲಸವೊಂದನ್ನು ಮಾಡಿ ನೋಡಿ. ಯಾವ ಭಾಷೆ ಬೇಕೆಂದು ಆ ಕೆಲಸವೇ ಹೇಳುತ್ತದೆ. ಕಾಲೇಜುಗಳು ಸಂಜೆ ಎರಡು ಗಂಟೆ ಲ್ಯಾಬ್ ತೆರೆದಿಟ್ಟರೆ, ಸ್ವಂತ ಕಂಪ್ಯೂಟರ್ ಇಲ್ಲದವರಿಗೂ ಈ ಅವಕಾಶ ಸಿಗುತ್ತದೆ.